ಹಳದಿ ಕ್ಯಾಸೆಟ್ಟಿನ ಋಣ

ಕಳೆದ ಮಳೆಗಾಲದಲ್ಲಿ ಪುಂಜಾಲಕಟ್ಟೆಯ ನಮ್ಮ ಮನೆಯ ಅಟ್ಟ ಸೋರತೊಡಗಿತು. ಹಂಚು ಬದಲಿಸುವ ಮೊದಲು ಮೇಲಿದ್ದ ಸಾಮಾನನ್ನೆಲ್ಲ ಕೆಳಗಿಳಿಸಬೇಕೆಂದು ಅಮ್ಮ ಹೇಳಿದರು. ರಜೆಗೆ ಬಂದಿದ್ದ ನನ್ನ ಪಾಲಿಗೆ ಆ ಕೆಲಸ ಬಂತು. ತುಕ್ಕು ಹಿಡಿದ ಮೆಟ್ಟುಕತ್ತಿ, ಕೈ ಮುರಿದ ಕುರ್ಚಿ, ನನ್ನ ಪ್ರೈಮರಿ ಶಾಲೆಯ ನೋಟ್ ಪುಸ್ತಕಗಳು, ಅವುಗಳ ನಡುವೆ ಬಿಸ್ಕತ್ತಿನ ಒಂದು ತಗಡಿನ ಡಬ್ಬಿ. ಡಬ್ಬಿಯೊಳಗೆ ಹಳದಿ ಬಣ್ಣದ ವಿಡಿಯೊ ಗೇಮ್ ಕ್ಯಾಸೆಟ್. ಮುಂಭಾಗದ ಚೀಟಿಯಲ್ಲಿ ಮೀಸೆಯ ಮಾರಿಯೊ, ಬಂದೂಕು ಹಿಡಿದ ಇಬ್ಬರು ಸೈನಿಕರು, ‘9999 ಇನ್ 1’ ಎಂಬ ಬರಹ. ಹಿಂಭಾಗದಲ್ಲಿ ಬಾಲ್ ಪೆನ್ನಿನಿಂದ ಒತ್ತಿ ಬರೆದ ನನ್ನ ಹೆಸರು. ಅದನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕೆಳಗೆ ಇನ್ನೊಂದು ಹೆಸರಿನ ಗೀರುಗಳು ಕಾಣುತ್ತವೆ. ಆ ಹೆಸರನ್ನು ಬ್ಲೇಡಿನಿಂದ ಕೆರೆದವಳು ನಾನೇ.

ಆಗ ನಾನು ನಾಲ್ಕನೇ ಕ್ಲಾಸು, 2006ನೇ ಇಸವಿ. ಮುಂಬಯಿಯಲ್ಲಿದ್ದ ದೊಡ್ಡಮ್ಮನ ಮಗ, ನಾವು ಅಣ್ಣ ಎಂದೇ ಕರೆಯುವವನು, ತಾನು ಆಡಿ ಬಿಟ್ಟ ಗೇಮ್ ಸೆಟ್ಟನ್ನು ನಮ್ಮ ಮನೆಗೆ ತಂದುಕೊಟ್ಟಿದ್ದ. ಸೆಟ್ಟಿನ ಜೊತೆಗೆ ಕ್ಯಾಸೆಟ್ ಇದ್ದದ್ದು ಒಂದೇ, ಅದೂ ನಾಲ್ಕು ಸಲ ಹಾಕಿದರೆ ಒಂದು ಸಲ ಓಡುತ್ತಿತ್ತು. ಹಾಗಾಗಿ ನಾಲ್ಕು ಮನೆ ಆಚೆಯ ಗೆಳೆಯನ ಕ್ಯಾಸೆಟ್ಟಿಗೆ ನಮ್ಮ ಓಣಿಯಲ್ಲಿ ಬಹಳ ಬೆಲೆ. ಅವನ ಉಪ್ಪ ಸೌದಿಯಿಂದ ರಜೆಗೆ ಬಂದಾಗ ತಂದದ್ದು ಅದು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾಲ್ಕೈದು ಮಕ್ಕಳು ಅವನ ಮನೆಯ ಟಿವಿಯ ಮುಂದೆ ಕೂರುತ್ತಿದ್ದೆವು. ನನಗೆ ಸಿಗುತ್ತಿದ್ದದ್ದು ಯಾವಾಗಲೂ ಎರಡನೇ ರಿಮೋಟು. ಅದರಲ್ಲಿ ಆಟ ಶುರು ಮಾಡುವ ಬಟನ್ನೇ ಇರುತ್ತಿರಲಿಲ್ಲ. ಮಳೆ ಹಿಡಿದು ಸಿಡಿಲು ಕೇಳಿಸಿತೆಂದರೆ ಅವನ ಉಮ್ಮ ಬಂದು ಪ್ಲಗ್ಗನ್ನು ಕಿತ್ತು ಹಾಕುತ್ತಿದ್ದರು, ಮಾರಿಯೊ ಎಲ್ಲಿದ್ದರೂ ಅಲ್ಲಿಗೇ ಕಥೆ ಮುಗಿಯಿತು.

ಒಮ್ಮೆ ಎರಡು ದಿನಕ್ಕೆಂದು ಆ ಕ್ಯಾಸೆಟ್ಟನ್ನು ಕೇಳಿ ತಂದೆ. ವಾರವಾದರೂ ಕೊಡಲಿಲ್ಲ. ಅವನು ಕೇಳಿದಾಗ, “ಮೊನ್ನೆಯೇ ಕೊಟ್ಟಿದ್ದೇನಲ್ಲ, ನೀನೇ ಚೀಲಕ್ಕೆ ಹಾಕಿಕೊಂಡದ್ದು” ಎಂದೆ. ಎಷ್ಟು ನೆಟ್ಟಗೆ ಹೇಳಿದೆನೆಂದರೆ ಅವನ ಮುಖದಲ್ಲಿ ಅನುಮಾನ ಮೂಡಿತು, ನನ್ನ ಮೇಲಲ್ಲ, ಅವನ ಮೇಲೆಯೇ. ಅವತ್ತು ಸಂಜೆ ನಾನು ಬ್ಲೇಡು ಹುಡುಕಿದೆ.

ಅಟ್ಟದಿಂದ ಇಳಿದ ಮೇಲೆ ಒಂದೆರಡು ದಿನ ಒಂದು ವಾದ ನನ್ನ ತಲೆಯಲ್ಲಿ ಸುತ್ತಿತು. ಸಂಶೋಧನಾ ವಿದ್ಯಾರ್ಥಿಗಳು ಇಂಥ ವಾದ ಹೂಡುವುದರಲ್ಲಿ ಗಟ್ಟಿಗರು. ಆ ಕ್ಯಾಸೆಟ್ಟಿನಲ್ಲಿದ್ದದ್ದೆಲ್ಲವೂ ಕದ್ದ ಮಾಲೇ ಅಲ್ಲವೇ? ಮಾರಿಯೊ ಜಪಾನಿನ ನಿಂಟೆಂಡೊ ಕಂಪೆನಿಯವರದ್ದು, ಬಂದೂಕಿನ ಸೈನಿಕರ ‘ಕಾಂಟ್ರಾ’ ಕೊನಾಮಿಯವರದ್ದು. ಅವರ್ಯಾರಿಗೂ ಒಂದು ಪೈಸೆ ಹೋಗಿಲ್ಲ. ನಮ್ಮ ಇಡೀ ಓಣಿಯ ಸಂತೋಷ ನಕಲಿನ ಮೇಲೆ ನಿಂತಿತ್ತು. ಹಾಗಿದ್ದ ಮೇಲೆ ಕದ್ದ ವಸ್ತುವನ್ನು ಇನ್ನೊಬ್ಬಳು ಕದ್ದದ್ದಕ್ಕೆ ಯಾಕಿಷ್ಟು ಸಂಕಟ? ದೊಡ್ಡ ಕಳವಿಗೆ ಅಳುಕದ ಮನಸ್ಸು ಸಣ್ಣ ಕಳವಿಗೆ ಅಳುಕುವುದೇಕೆ? ವಾದ ಬಲವಾಗಿಯೇ ಇತ್ತು, ಆದರೆ ಸಂಕಟ ಹೋಗಲಿಲ್ಲ. ಹಾಗಾಗಿ ಆ ಕ್ಯಾಸೆಟ್ಟಿನ ಚರಿತ್ರೆಯನ್ನು ಸ್ವಲ್ಪ ಬಿಚ್ಚಿ ನೋಡೋಣ ಅನಿಸಿತು.

ಮನೆಯಲ್ಲಿ ಆಡುವ ವಿಡಿಯೊ ಗೇಮ್ ಯಂತ್ರಗಳ ಚರಿತ್ರೆಯನ್ನು ತಲೆಮಾರುಗಳಾಗಿ ವಿಂಗಡಿಸುವುದು ರೂಢಿ. ನಮ್ಮ ಸೆಟ್ಟು ಸೇರುವುದು ಮೂರನೆಯ ತಲೆಮಾರಿಗೆ, ಅಂದರೆ 8 ಬಿಟ್ಟಿನ ಕಾಲಕ್ಕೆ. 1983ರ ಜುಲೈ 15ರಂದು ನಿಂಟೆಂಡೊ ಜಪಾನಿನಲ್ಲಿ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಜನ ಅದನ್ನು ಚುಟುಕಾಗಿ ಫ್ಯಾಮಿಕಾಮ್ ಎಂದರು. ಬೆಲೆ 14,800 ಯೆನ್. ಅದೇ ಹೊತ್ತಿಗೆ ಅಮೆರಿಕದಲ್ಲಿ ವಿಡಿಯೊ ಗೇಮ್ ವ್ಯಾಪಾರ ನೆಲಕಚ್ಚಿತ್ತು. ಅಟಾರಿ ಕಂಪೆನಿ ಮಾರಾಟವಾಗದ ತನ್ನ ಕ್ಯಾಸೆಟ್ಟುಗಳನ್ನು ನ್ಯೂ ಮೆಕ್ಸಿಕೊದ ಆಲಮೊಗಾರ್ಡೊ ಎಂಬಲ್ಲಿ ಕಸದ ಗುಂಡಿಗೆ ಸುರಿದು ಮುಚ್ಚಿದ ವರ್ಷವದು. 1985ರಲ್ಲಿ ನಿಂಟೆಂಡೊ ತನ್ನ ಯಂತ್ರವನ್ನು ಅಮೆರಿಕಕ್ಕೆ ಒಯ್ಯುವಾಗ ಒಳಗೆ ಬೀಗದಂಥ ಒಂದು ಚಿಪ್ಪನ್ನು ಸೇರಿಸಿತು. ಕಂಪೆನಿಯ ಒಪ್ಪಿಗೆಯಿಲ್ಲದ ಕ್ಯಾಸೆಟ್ಟನ್ನು ಅದು ಓಡಲು ಬಿಡುತ್ತಿರಲಿಲ್ಲ. ಜಪಾನಿನ ಮೂಲ ಯಂತ್ರಕ್ಕೆ ಆ ಬೀಗ ಇರಲಿಲ್ಲ. ಜಗತ್ತಿನಾದ್ಯಂತ ನಕಲಾದದ್ದು ಹೆಚ್ಚಾಗಿ ಆ ಬೀಗವಿಲ್ಲದ ಯಂತ್ರವೇ.

ತೈವಾನ್ ಮತ್ತು ಚೀನಾದ ಕಾರ್ಖಾನೆಗಳಿಂದ ಹೊರಟ ಈ ನಕಲುಗಳು ಒಂದೊಂದು ದೇಶದಲ್ಲಿ ಒಂದೊಂದು ಹೆಸರು ಹೊತ್ತವು. ರಷ್ಯದಲ್ಲಿ 1992ರಿಂದ ‘ಡೆಂಡಿ’, ಪೋಲೆಂಡಿನಲ್ಲಿ ‘ಪೆಗಾಸಸ್’. ಚೀನಾದಲ್ಲಿ ‘ಸುಬೋರ್’ ಎಂಬ ಹೆಸರಿನಲ್ಲಿ ಕೀಬೋರ್ಡ್ ಜೋಡಿಸಿಕೊಂಡು ಕಲಿಕೆಯ ಯಂತ್ರವೆಂದು ಮಾರಾಟವಾಯಿತು, ಅದರ ಜಾಹೀರಾತಿಗೆ ಜಾಕಿ ಚಾನ್ ಬಂದರು. ನಮ್ಮ ದೇಶದಲ್ಲಿ ‘ಸಮುರಾಯ್’, ‘ಲಿಟಲ್ ಮಾಸ್ಟರ್’ ಮುಂತಾದ ಹೆಸರುಗಳಿದ್ದವು. ಮುಂದೆ ಇಡೀ ಯಂತ್ರ ಒಂದೇ ಚಿಪ್ಪಿನೊಳಗೆ ಅಡಗಿತು. ಸೆಟ್ಟಿನ ಹೊಟ್ಟೆ ಬಿಚ್ಚಿದರೆ ಹಸಿರು ಹಲಗೆಯ ಮೇಲೆ ಕಪ್ಪು ಅರಗಿನ ಒಂದು ಬೊಟ್ಟು, ಅಷ್ಟೆ. ಹೊರಗಿನ ಚಿಪ್ಪಿಗೆ ಮಾತ್ರ ಕಾಲಕ್ಕೆ ತಕ್ಕ ವೇಷ. ಅಣ್ಣ ತಂದದ್ದು ನೋಡಲು ಪ್ಲೇಸ್ಟೇಷನ್ನಿನಂತೆಯೇ ಇತ್ತು, ಬರೆದದ್ದು ‘ಪಾಲಿಸ್ಟೇಷನ್’ ಎಂದು. ಸಿ.ಡಿ. ಹಾಕುವ ಮುಚ್ಚಳ ತೆಗೆದರೆ ಅದರಡಿ ಕ್ಯಾಸೆಟ್ ಸಿಕ್ಕಿಸುವ ಜಾಗ. ನಾವು ಅದನ್ನು ಅನುಮಾನಿಸಲೇ ಇಲ್ಲ. 2006ರ ನವೆಂಬರಿನಲ್ಲಿ ಜಪಾನಿನ ಮಕ್ಕಳು ಪ್ಲೇಸ್ಟೇಷನ್ 3ಕ್ಕೆ ಸಾಲು ನಿಂತಿದ್ದಾಗ, ಪುಂಜಾಲಕಟ್ಟೆಯ ನಾವು 1985ರ ಮಾರಿಯೊನನ್ನು ಹೊಸಬನೆಂದೇ ಬರಮಾಡಿಕೊಂಡಿದ್ದೆವು. ಪುಸ್ತಕಗಳಲ್ಲಿ ಮುಗಿದುಹೋದ ಕಾಲ ನಮ್ಮ ಓಣಿಗೆ ಆಗಷ್ಟೇ ಬಂದಿಳಿದಿತ್ತು, ಮತ್ತು ಅದು ಬಂದದ್ದು ನಕಲಿನ ಹೆಗಲೇರಿ.

ಅಸಲಿಯಾದರೂ ಎಷ್ಟು ಅಸಲಿ? ಫ್ಯಾಮಿಕಾಮಿನ ಮಿದುಳಾಗಿ ರಿಕೋ ಕಂಪೆನಿ ಮಾಡಿಕೊಟ್ಟ ಚಿಪ್ಪಿನ ತಿರುಳು 1975ರಲ್ಲಿ ಅಮೆರಿಕದಲ್ಲಿ ಬಂದ 6502 ಎಂಬ ಚಿಪ್ಪಿನದ್ದೇ, ದಶಮಾಂಶ ಲೆಕ್ಕದ ಒಂದು ಸೌಲಭ್ಯವನ್ನು ಮಾತ್ರ ಅದರಲ್ಲಿ ಕಡಿದು ಹಾಕಲಾಗಿತ್ತು. ಇನ್ನೂ ಹಿಂದೆ ಹೋದರೆ, ಅಟಾರಿಗೆ ಹೆಸರು ತಂದ 1972ರ ‘ಪಾಂಗ್’ ಆಟಕ್ಕಿಂತ ಮೊದಲೇ ರಾಲ್ಫ್ ಬೇರ್ ರೂಪಿಸಿದ ಮ್ಯಾಗ್ನವಾಕ್ಸ್ ಒಡಿಸ್ಸಿ ಯಂತ್ರದಲ್ಲಿ ಟೆನ್ನಿಸ್ ಆಟವಿತ್ತು. ಅಟಾರಿಯ ನೋಲನ್ ಬುಶ್ನೆಲ್ ಅದರ ಪ್ರದರ್ಶನಕ್ಕೆ ಹೋಗಿ ಬಂದಿದ್ದರು. ಮೊಕದ್ದಮೆ ನಡೆದು, 1976ರಲ್ಲಿ ರಾಜಿಯಾಗಿ, ಅಟಾರಿ ಮ್ಯಾಗ್ನವಾಕ್ಸಿನಿಂದ ಪರವಾನಗಿ ಪಡೆಯಿತು. ಹೀಗೆ ಈ ಚರಿತ್ರೆಯಲ್ಲಿ ಹಿಂದೆ ಹಿಂದೆ ನಡೆದಷ್ಟೂ ಯಾರದೋ ಹೆಗಲ ಮೇಲೆ ಇನ್ಯಾರದೋ ಕಾಲು ಕಾಣುತ್ತದೆ.

ನಕಲು ಎಂಬ ಮಾತಿಗೆ ಮುಖ ಸಿಂಡರಿಸುವ ಮೊದಲು ನಮ್ಮೂರಿನಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ಮೂಡುಬಿದಿರೆಯನ್ನೂ ನೆನೆಯಬೇಕು. ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ಷಟ್ಖಂಡಾಗಮಕ್ಕೆ ಬರೆದ ‘ಧವಲಾ’ ಟೀಕೆಯ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಉಳಿದದ್ದು ಅಲ್ಲಿನ ಸಿದ್ಧಾಂತ ಬಸದಿಯಲ್ಲಿ. ಭಕ್ತರು ಅವುಗಳ ದರ್ಶನ ಮಾಡುತ್ತಿದ್ದರು, ಓದಲು ಹೊರಗಿನವರಿಗೆ ಸಿಗುತ್ತಿರಲಿಲ್ಲ. 1896ರ ಹೊತ್ತಿಗೆ ಅಲ್ಲಿಯೇ ಒಪ್ಪಿಗೆಯೊಂದಿಗೆ ಪ್ರತಿ ಮಾಡುವ ಕೆಲಸ ಶುರುವಾಯಿತು. ಆ ಕೆಲಸದಲ್ಲಿದ್ದ ಗಜಪತಿ ಉಪಾಧ್ಯಾಯರು ಹೆಂಡತಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿ ಬರೆದರು. ಅದು ಉತ್ತರದ ಸಹಾರನ್‌ಪುರ ಸೇರಿತು, ಅದರಿಂದ ಮತ್ತಷ್ಟು ಪ್ರತಿಗಳಾದವು. 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಅಮರಾವತಿಯಿಂದ ಮೊದಲ ಸಂಪುಟ ಅಚ್ಚಾಗಿ ಬಂತು. ಒಪ್ಪಿಗೆಯಿಲ್ಲದ ಆ ಪ್ರತಿ ಇರದಿದ್ದರೆ ಆ ಗ್ರಂಥ ಓದುಗರ ಕೈಸೇರಲು ಇನ್ನೆಷ್ಟು ಕಾಲ ಹಿಡಿಯುತ್ತಿತ್ತೋ. ನಂಬಿಕೆಗೆ ಮಾಡಿದ ದ್ರೋಹವೂ ಹೌದು, ಲೋಕಕ್ಕೆ ಮಾಡಿದ ಉಪಕಾರವೂ ಹೌದು. ಎರಡರಲ್ಲಿ ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಲು ನನಗೆ ಮನಸ್ಸಾಗುವುದಿಲ್ಲ.

ಈ ಪ್ರಸಂಗದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ಹೀರಾಲಾಲ್ ಜೈನ್ ಆ ಸಂಪುಟದ ಪ್ರಸ್ತಾವನೆಯಲ್ಲಿ ಪ್ರತಿ ಹೊರಬಂದ ಬಗೆಯನ್ನು ಮುಚ್ಚಿಡಲಿಲ್ಲ. ಯಾರು ಬರೆದರು, ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಹೆಸರು ಹಿಡಿದು ಹೇಳಿದರು. ಪ್ರತಿ ಗುಟ್ಟಿನದ್ದಾದರೂ ಅದು ಬಂದ ದಾರಿ ಗುಟ್ಟಾಗಿ ಉಳಿಯಲಿಲ್ಲ.

ನಮ್ಮ ಹಳದಿ ಕ್ಯಾಸೆಟ್ಟಿನಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಅಸಲಿ ‘ಸೂಪರ್ ಮಾರಿಯೊ ಬ್ರದರ್ಸ್’ ತೆರೆದಾಗ ಮೊದಲ ಪರದೆಯಲ್ಲಿ ‘1985 ನಿಂಟೆಂಡೊ’ ಎಂಬ ಸಾಲು ಬರುತ್ತದೆ. ನಕಲು ಮಾಡುವವರು ಎಷ್ಟೋ ಕ್ಯಾಸೆಟ್ಟುಗಳಲ್ಲಿ ಆ ಸಾಲನ್ನು ಒರಸಿ ಹಾಕುತ್ತಿದ್ದರು. ನಮ್ಮದರಲ್ಲೂ ಅದು ಇರಲಿಲ್ಲ. ನಿಂಟೆಂಡೊ ಎಂಬ ಶಬ್ದವನ್ನು ನಾನು ಕೇಳಿದ್ದೇ ಹೈಸ್ಕೂಲಿಗೆ ಬಂದ ಮೇಲೆ. ಆ ಆಟದ ಸಂಗೀತವನ್ನು ಗುನುಗದ ದಿನವಿರಲಿಲ್ಲ, ಅದನ್ನು ಮಾಡಿದವರು ಕೋಜಿ ಕೊಂಡೊ ಎಂದು ತಿಳಿದದ್ದು ಎಂ.ಎ. ಓದುವಾಗ. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಅದನ್ನು ಸೇರಿಸಿತು. ಅಷ್ಟು ವರ್ಷ ನಾನು ಆ ರಾಗವನ್ನು ಮಳೆಯ ಸದ್ದಿನ ಹಾಗೆ, ಯಾರೂ ಮಾಡದೆ ತಾನಾಗಿ ಇದ್ದದ್ದು ಎಂದುಕೊಂಡಿದ್ದೆ.

ಹೆಸರು ಒರಸುವ ಕೆಲಸವನ್ನು ನಕಲಿಗಳಷ್ಟೇ ಮಾಡಿದರೆಂದರೆ ಅನ್ಯಾಯವಾಗುತ್ತದೆ. ಆ ಮಾರಿಯೊ ಆಟದ ಕೊನೆಯಲ್ಲಿ ರಾಜಕುಮಾರಿ ಸಿಕ್ಕ ಮೇಲೂ ಅದನ್ನು ಮಾಡಿದವರ ಪಟ್ಟಿ ಬರುವುದಿಲ್ಲ. ಕಂಪೆನಿಯ ಹೆಸರುಂಟು, ಕೈಗಳ ಹೆಸರಿಲ್ಲ. ಜಪಾನಿನ ಹಲವು ಕಂಪೆನಿಗಳು ಎದುರಾಳಿಗಳು ತಮ್ಮ ಕೆಲಸಗಾರರನ್ನು ಸೆಳೆದಾರೆಂದು ಅಡ್ಡಹೆಸರು ಬರೆಸುತ್ತಿದ್ದವು. ಅಟಾರಿಯೂ ಆಟ ಬರೆದವರ ಹೆಸರು ಹಾಕುತ್ತಿರಲಿಲ್ಲ. ಅದಕ್ಕೆ ವಾರನ್ ರಾಬಿನೆಟ್ ಎಂಬಾತ ತನ್ನ ‘ಅಡ್ವೆಂಚರ್’ ಆಟದೊಳಗೆ ಒಂದು ಗುಪ್ತ ಕೋಣೆ ಮಾಡಿದ. ಹಿನ್ನೆಲೆಯ ಬಣ್ಣದಲ್ಲೇ ಕರಗಿದ ಒಂದು ಚುಕ್ಕಿಯನ್ನು ಹೊತ್ತು ತಂದವರಿಗೆ ಮಾತ್ರ ಅದರ ಬಾಗಿಲು ತೆರೆಯುತ್ತದೆ. ಒಳಗೆ ಇದ್ದದ್ದು ಬಂಗಾರವಲ್ಲ, ‘ಇದನ್ನು ಮಾಡಿದವನು ವಾರನ್ ರಾಬಿನೆಟ್’ ಎಂಬ ಬರಹ. ಅವನು ಕೆಲಸ ಬಿಟ್ಟ ಮೇಲೆ ಹುಡುಗನೊಬ್ಬ ಬರೆದ ಕಾಗದದಿಂದ ಕಂಪೆನಿಗೆ ಇದು ತಿಳಿಯಿತು. 1979ರಲ್ಲಿ ಅಟಾರಿಯಿಂದ ಹೊರಬಂದ ನಾಲ್ವರು ಆಟ ಬರೆಯುವವರು ಸೇರಿ ಆಕ್ಟಿವಿಷನ್ ಕಟ್ಟಿದಾಗ ಆಟದ ಜೊತೆಗೇ ಮಾಡಿದವರ ಹೆಸರನ್ನೂ ಅಚ್ಚು ಹಾಕಿಸಿದರು. ಹಣದ ಜಗಳದ ಜೊತೆಗೆ ಹೆಸರಿನ ಜಗಳವೂ ಅಲ್ಲಿತ್ತು.

ನಮ್ಮ ಕಾನೂನು ಕೂಡ ಇವೆರಡನ್ನು ಬೇರೆಯಾಗಿಯೇ ನೋಡುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯ 57ನೆಯ ಕಲಮಿನ ಪ್ರಕಾರ, ಲೇಖಕ ತನ್ನ ಹಕ್ಕನ್ನು ಪೂರ್ತಿಯಾಗಿ ಮಾರಿದ ಮೇಲೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಹಕ್ಕು ಅವನಲ್ಲೇ ಉಳಿಯುತ್ತದೆ. ಹಣವನ್ನು ಕೈಬದಲಿಸಬಹುದು, ಮಾಡಿದ ಸಂಗತಿಯನ್ನು ಕೈಬದಲಿಸಲಾಗದು.

ಇಲ್ಲಿ ಒಂದು ಪ್ರಶ್ನೆ ಏಳಬಹುದು. ಹೆಸರಿಗೆ ಇಷ್ಟು ತೂಕ ಯಾಕೆ? ನಮ್ಮ ಗದ್ದೆಯಲ್ಲಿ ನೇಜಿ ನೆಡುತ್ತಾ ಹಾಡಿದ ಪಾಡ್ದನಗಳಿಗೆ ಕವಿಯ ಹೆಸರಿಲ್ಲ. ವಚನಕಾರರು ಅಂಕಿತದ ಜಾಗದಲ್ಲಿ ತಮ್ಮ ಹೆಸರು ಬಿಟ್ಟು ದೇವರ ಹೆಸರಿಟ್ಟರು. ಇದಕ್ಕೆ ಎದುರಾಗಿ ಹೊಯ್ಸಳರ ಶಿಲ್ಪಿಗಳಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ತಾವು ಕಡೆದ ಕಲ್ಲಿನ ಅಡಿಯಲ್ಲೇ ಹೆಸರು ಕೊರೆದು ಹೋದರು. ಯಾರು ಸರಿ? ಇಬ್ಬರೂ ಸರಿ ಎಂದೇ ನನ್ನ ಉತ್ತರ, ಯಾಕೆಂದರೆ ಇಬ್ಬರೂ ತಮ್ಮ ಹೆಸರಿನ ಬಗ್ಗೆ ತಾವೇ ತೀರ್ಮಾನಿಸಿದರು. ಹೆಸರು ಬಿಟ್ಟುಕೊಡುವುದು ಬೇರೆ, ಇನ್ನೊಬ್ಬರು ಬ್ಲೇಡು ಹಿಡಿದು ಕೆರೆಯುವುದು ಬೇರೆ.

ಈ ವಿಷಯದಲ್ಲಿ ನನಗೆ ಹೆಚ್ಚು ದಾರಿ ತೋರಿದವನು ಗದುಗಿನ ನಾರಣಪ್ಪ. ವ್ಯಾಸರ ಕಥೆಯನ್ನೇ ಎತ್ತಿಕೊಂಡು ತನ್ನದೇ ಕನ್ನಡದಲ್ಲಿ, ತನ್ನದೇ ಹುರುಪಿನಲ್ಲಿ ಬರೆದ. ಯಾರೂ ಅದನ್ನು ನಕಲು ಎನ್ನುವುದಿಲ್ಲ. ಅವನು ಇಟ್ಟುಕೊಂಡ ಹೆಸರು ಕುಮಾರವ್ಯಾಸ, ಅಂದರೆ ವ್ಯಾಸನ ಮಗ. ತಾನು ಯಾರಿಂದ ಪಡೆದೆ ಎಂಬುದನ್ನು ತನ್ನ ಹೆಸರಿನೊಳಗೇ ಹೊತ್ತುಕೊಂಡ. ಮಗನೆಂದ ಮೇಲೆ ಕೇಳದೆ ಎತ್ತಿಕೊಳ್ಳುವ ಸಲುಗೆಯೂ ಉಂಟು, ತೀರಿಸಬೇಕಾದ ಋಣವೂ ಉಂಟು.

ಋಣ ತೀರಿಸಬೇಕಾದರೆ ಮೊದಲು ಯಾರ ಋಣ ಎಂದು ಗೊತ್ತಿರಬೇಕಲ್ಲ. ಹೆಸರು ಬೇಕಾಗುವುದು ಅದಕ್ಕೇ. ಅದು ಹೆಮ್ಮೆಯ ಬಿಲ್ಲೆಗಿಂತ ಹೆಚ್ಚಾಗಿ ಒಂದು ವಿಳಾಸ. ಹೊರಜಗತ್ತಿನಿಂದ ನಮ್ಮ ಓಣಿಗೆ ಬಂದ ಸಂತೋಷಕ್ಕೆ ಹಣ ಕೊಡುವ ಸ್ಥಿತಿ ಆಗ ನಮಗಿರಲಿಲ್ಲ, ಅಸಲಿ ಯಂತ್ರವನ್ನು ಯಾವ ಅಂಗಡಿಯಲ್ಲೂ ನಾನು ಕಂಡದ್ದೂ ಇಲ್ಲ. ಅದಕ್ಕಾಗಿ ನಾಲ್ಕನೇ ಕ್ಲಾಸಿನ ಮಕ್ಕಳನ್ನು ಕಳ್ಳರೆನ್ನಲು ನಾನು ಸಿದ್ಧಳಿಲ್ಲ. ಆದರೆ ವಿಳಾಸವನ್ನೇ ಒರಸಿಬಿಟ್ಟರೆ, ಮುಂದೊಂದು ದಿನ ಕೊಡಬಲ್ಲ ಸ್ಥಿತಿಗೆ ಬಂದಾಗಲೂ ಕೊಡುವ ದಾರಿ ಇರುವುದಿಲ್ಲ. ಕೊಡಬೇಕು ಎಂದು ಅನಿಸುವುದೂ ಇಲ್ಲ. ನಕಲಿನಿಂದ ಆಗುವ ನಿಜವಾದ ಕೇಡು ಇಲ್ಲಿದೆ ಎಂದು ನನಗೆ ತೋರುತ್ತದೆ. ಪಡೆದವನನ್ನು ಅದು ಯಾರಿಗೂ ಏನೂ ಬಾಕಿ ಇಲ್ಲದವನನ್ನಾಗಿ ಮಾಡಿಬಿಡುತ್ತದೆ.

ನಮ್ಮ ಪ್ರಬಂಧಗಳನ್ನು ಈಗ ಸಾಫ್ಟ್‌ವೇರಿಗೆ ಹಾಕಿ ತೂಗುತ್ತಾರೆ. ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇಕಡಾ 10ರೊಳಗಿದ್ದರೆ ದಂಡವಿಲ್ಲ. ವಾಕ್ಯದ ನಾಲ್ಕು ಪದ ಅದಲುಬದಲು ಮಾಡಿ ಆ ಗೆರೆಯೊಳಗೆ ನುಸುಳುವುದು ಕಷ್ಟವೇನಲ್ಲ. ಪದಗಳ ಹೋಲಿಕೆಯನ್ನು ಯಂತ್ರ ಎಣಿಸುತ್ತದೆ, ಕೆರೆದ ಹೆಸರನ್ನು ಅದು ಕಾಣದು. ಅದನ್ನು ಕಾಣಬೇಕಾದರೆ ಯಾರಾದರೂ ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಹೆಚ್ಚಿನ ಸಲ ಅದು ಎಲ್ಲಿದೆ ಎಂದು ಗೊತ್ತಿರುವುದು ಕೆರೆದವರಿಗೆ ಮಾತ್ರ.

ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಪೇಟೆಗೆ ಹೋದೆ. ಗೆಳೆಯ ಈಗ ರಸ್ತೆ ಬದಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಬೆಳ್ತಂಗಡಿ ಕಡೆಗೆ ಹೋಗುವ ಬಸ್ಸೊಂದು ನೀರು ಹಾರಿಸಿಕೊಂಡು ಹೋಯಿತು. “ಎಂಥ ಮಾರಾಯ್ತಿ, ಯಾವಾಗ ಬಂದದ್ದು?” ಎಂದ. ನಾನು ಏನೂ ಹೇಳದೆ ಕ್ಯಾಸೆಟ್ಟನ್ನು ಗಾಜಿನ ಮೇಲಿಟ್ಟೆ. ಅವನು ತಿರುಗಿಸಿ ನೋಡಿದ. ರಿಪೇರಿಯ ದೀಪದಡಿ ಓರೆ ಮಾಡಿದ. ಮೊಬೈಲಿನ ಗೀರು ನೋಡಿ ಅಭ್ಯಾಸವಿರುವ ಕಣ್ಣು.

“ಇದು ನಿನ್ನತ್ರ ಇತ್ತಾ?”

“ಹೌದು. ಕೊಟ್ಟಿದ್ದೇನೆ ಅಂತ ಸುಳ್ಳು ಹೇಳಿದ್ದೆ.”

ಅವನು ಬೈಯುತ್ತಾನೆ, ಇಲ್ಲವೇ ನಗುತ್ತಾನೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಹಾಗಾದರೆ ಇದು ನಾನು ಕಳೆದದ್ದಲ್ಲ” ಎಂದ. ನನಗೆ ಹೇಳಿದ ಹಾಗಿರಲಿಲ್ಲ. ಉಪ್ಪ ಅಷ್ಟು ದೂರದಿಂದ ತಂದದ್ದನ್ನು ಉಳಿಸಿಕೊಳ್ಳಲು ಬಾರದವನು ಎಂಬ ಮಾತು ಮನೆಯಲ್ಲಿ ತುಂಬ ದಿನ ನಡೆಯಿತಂತೆ. ಮುಂದಿನ ಸಲ ರಜೆಗೆ ಬಂದಾಗ ಉಪ್ಪ ತಮ್ಮನಿಗೆ ಕೈಗಡಿಯಾರ ತಂದರು, ಇವನಿಗೆ ತರಲಿಲ್ಲ. ಇವನೂ ಕೇಳಲಿಲ್ಲ. ನನ್ನ ಕೈಗೆ ಬಂದದ್ದು ಒಂದು ಪ್ಲಾಸ್ಟಿಕ್ ತುಂಡು. ಅವನಿಂದ ಹೋದದ್ದು ಅದಷ್ಟೇ ಅಲ್ಲವೆಂದು ಆ ಗಾಜಿನ ಮುಂದೆ ನಿಂತಾಗ ತಿಳಿಯಿತು. ತನ್ನ ನೆನಪಿನ ಮೇಲೆ ಅವನಿಗಿದ್ದ ನಂಬಿಕೆಯನ್ನೂ ನಾನು ಕೆರೆದಿದ್ದೆ. ಜಪಾನಿನ ಕಂಪೆನಿಯ ಲೆಕ್ಕ ತೋರಿಸಿ ಈ ಲೆಕ್ಕವನ್ನು ಚುಕ್ತಾ ಮಾಡಲು ನೋಡಿದ ನನ್ನ ವಾದ ಎಷ್ಟು ಪೊಳ್ಳು ಎಂದು ಆಗ ಅನಿಸಿತು. ದೂರದವರಿಗೆ ನಾವು ಏನು ಬಾಕಿ ಇದ್ದೇವೆ ಎಂಬುದು ದೊಡ್ಡ ಪ್ರಶ್ನೆಯೇ. ಅದು ಬಗೆಹರಿಯುವ ತನಕ ಹತ್ತಿರದವನ ಬಾಕಿ ಕಾಯಬೇಕಾಗಿಲ್ಲ.

“ಉಪ್ಪ?” ಎಂದು ಕೇಳಿದೆ. ತೀರಿಕೊಂಡು ಮೂರು ವರ್ಷವಾಯಿತು ಎಂದ. ನನಗೆ ಗೊತ್ತಿತ್ತು, ಆದರೂ ಕೇಳಿದ್ದೆ.

ಅವನು ಮೇಜಿನ ಡ್ರಾಯರಿನಿಂದ ಮಾರ್ಕರ್ ಪೆನ್ನು ತೆಗೆದ. ತನ್ನ ಹೆಸರು ಬರೆಯುತ್ತಾನೆ ಎಂದುಕೊಂಡೆ. ಬರೆಯಲಿಲ್ಲ, ನನ್ನ ಕಡೆಗೆ ಚಾಚಿದ. ಹಳೆಯ ಗೀರುಗಳು ಇನ್ನೂ ಇದ್ದುದರಿಂದ ಅವುಗಳ ಮೇಲೆಯೇ ಅವನ ಹೆಸರನ್ನು ತಿದ್ದಿದೆ. ನನ್ನದನ್ನು ಹೊಡೆದು ಹಾಕಲು ಹೋದಾಗ, “ಇರಲಿ ಬಿಡು” ಎಂದ. ಮತ್ತೆ ಸ್ವಲ್ಪ ಯೋಚಿಸಿ ಕೇಳಿದ, “ಉಮ್ಮನಿಗೆ ನೀನೇ ಬಂದು ಹೇಳ್ತೀಯಾ? ನಾನು ಹೇಳಿದರೆ ನಂಬುವುದಿಲ್ಲ.”

ಮರುದಿನ ಸಂಜೆ ಮಳೆ ಸ್ವಲ್ಪ ಬಿಟ್ಟಾಗ ಅವರ ಮನೆಗೆ ಹೋದೆ.